ನಡುಪಟ್ಟೆ ಮನೆ

ನಮ್ಮ ಕೇರಿಯಲ್ಲಿ ಮನೆಗೆ ಬೀಗ ಹಾಕುವ ಪದ್ಧತಿ ಇರಲಿಲ್ಲ. ಕದಿಯುವಂಥದ್ದು ಒಳಗೆ ಏನೂ ಇರಲಿಲ್ಲ ಎನ್ನುವುದು ಒಂದು ಕಾರಣ. ಇದ್ದ ಒಂದೇ ಆಸ್ತಿ ಎಲ್ಲರ ಕಣ್ಣೆದುರಿಗೆ ಗಳುವಿನ ಮೇಲೆ ಒಣಗುತ್ತಿತ್ತು ಎನ್ನುವುದು ಇನ್ನೊಂದು. ಚುಂಚನಕಟ್ಟೆಯಿಂದ ಮೇಲಕ್ಕೆ, ಕಾವೇರಿ ಒಂದು ಸುತ್ತು ತಿರುಗಿ ಆಳದ ಮಡುವಾಗುವ ಕಡೆ, ದಂಡೆಯ ಮೇಲೆ ನಮ್ಮ ಬೆಸ್ತರ ಕೇರಿ. ಊರಿನ ಒಕ್ಕಲು ಮನೆಯವರಿಗೆ ನಾಲೆಯ ಕೆಳಗೆ ಗದ್ದೆಗಳಿದ್ದವು. ಅವರ ಆಸ್ತಿಗೆ ಬದು ಇತ್ತು, ಬಾಂದುಕಲ್ಲು ಇತ್ತು, ಅದರ ಜೊತೆಗೆ ಬರುವ ಜಗಳವೂ ಇತ್ತು. ನಮ್ಮ ಮನೆಗಳು ನಿಂತಿದ್ದ ನೆಲ ಸರ್ಕಾರದ್ದೋ ಹೊಳೆಯದ್ದೋ ಯಾರೂ ಕೇಳಿರಲಿಲ್ಲ. ಕೆಲವು ಮಳೆಗಾಲದಲ್ಲಿ ಹೊಳೆಯೇ ಬಂದು ತನ್ನದು ಎಂದು ತೋರಿಸಿ ಹಿಂದಿನ ಗೋಡೆಯನ್ನು ತೆಗೆದುಕೊಂಡು ಹೋಗುತ್ತಿತ್ತು. ನೀರಿಳಿದ ಮೇಲೆ ನಾವು ಮತ್ತೆ ಮಣ್ಣು ಮೆತ್ತುತ್ತಿದ್ದೆವು. ಗೋಡೆ ಹೋದದ್ದಕ್ಕೆ ಯಾರೂ ಅತ್ತದ್ದು ನಾನು ನೋಡಿಲ್ಲ. ಬಲೆ ಹೋದರೆ ಮಾತ್ರ ಅಳುತ್ತಿದ್ದರು.

ಆಸ್ತಿ ಎಂದರೆ ನಮಗೆ ಪಟ್ಟೆ. ಮಡುವಿಗೆ ಇಳಿಸುವ ಎಳೆಬಲೆ ಯಾರೊಬ್ಬರದ್ದೂ ಅಲ್ಲ. ಒಂದೊಂದು ಮನೆಯವರು ಅದರ ಒಂದೊಂದು ತುಂಡನ್ನು ಹೆಣೆದು ಇಟ್ಟುಕೊಂಡಿರುತ್ತಿದ್ದರು. ಅದಕ್ಕೇ ಪಟ್ಟೆ ಎನ್ನುತ್ತಿದ್ದುದು. ಬಲೆ ಎಳೆಯುವ ದಿನ ತಂತಮ್ಮ ಪಟ್ಟೆಯನ್ನು ಹೊತ್ತು ತಂದು ಮರಳಿನ ಮೇಲೆ ಸಾಲಾಗಿ ಹಾಸಿ, ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಹೊಳೆಯಗಲದ ಬಲೆಯಾಗುತ್ತಿತ್ತು. ಎಳೆದು ಮುಗಿದ ಮೇಲೆ ಹೊಲಿಗೆ ಬಿಚ್ಚಿ ಅವರವರ ಪಟ್ಟೆ ಅವರವರ ಮನೆಗೆ. ಬಲೆಯಲ್ಲಿ ಪಟ್ಟೆ ಇದ್ದವರಿಗೆ ಮೀನಿನಲ್ಲಿ ಪಾಲು. ಇಲ್ಲದವರು ದಂಡೆಯಲ್ಲಿ ನಿಂತು ಚೆಂದ ನೋಡಬಹುದು. ಮನೆಗಳ ಹೆಸರೂ ಅದರಿಂದಲೇ ಬಂದದ್ದು: ತುದಿಪಟ್ಟೆ ಮನೆ, ಹಗ್ಗದ ಪಟ್ಟೆ ಮನೆ. ನಮ್ಮದು ನಡುಪಟ್ಟೆ ಮನೆ. ಬಲೆಗೆ ಹೊಟ್ಟೆ ಬರುವ ಜಾಗ ಅದು. ಮರ್ಯಾದೆಯ ಜಾಗ ಎಂದು ಹೇಳುತ್ತಿದ್ದರು. ಮೀನಿನ ಭಾರವೆಲ್ಲ ಅಲ್ಲಿಗೇ ಬೀಳುವುದರಿಂದ ಎಲ್ಲರಿಗಿಂತ ಮೊದಲು ಹರಿದುಹೋಗುವುದೂ ಅದೇ. ಮರ್ಯಾದೆ ಅನ್ನುವುದು ಎಲ್ಲ ಕಡೆಯೂ ಹೀಗೇ ಎಂದು ಆಮೇಲೆ ತಿಳಿಯಿತು.

ಆ ಪಟ್ಟೆಯನ್ನು ಹೆಣೆದವನು ನನ್ನಪ್ಪ. ಹೆಸರು ಸಿದ್ದ, ಕರೆಯುತ್ತಿದ್ದದ್ದು ಎಡಚ ಸಿದ್ದ ಎಂದು. ಎಡಗೈಯವನು. ಅವನ ಮುಖ ನನಗೆ ನೆನಪಿಲ್ಲ, ಏಕೆಂದರೆ ನಾನಿನ್ನೂ ತೊಟ್ಟಿಲಲ್ಲಿದ್ದಾಗ ಚಳಿಜ್ವರ ಬಂದು ತೀರಿಕೊಂಡ. ಸುಳಿಗಳಲ್ಲಿ ಮುಳುಗೆದ್ದವನು ಗೋಡೆ ಪಕ್ಕದ ಚಾಪೆಯ ಮೇಲೆ ನಡುಗುತ್ತ ಹೋದ. ಅವನು ಹೋದ ಮೇಲೆ, ಸೊಳ್ಳೆ ಔಷಧಿ ಹೊಡೆಯುವ ಸರ್ಕಾರದವರು ಬೆನ್ನಿಗೆ ಡಬ್ಬ ಕಟ್ಟಿಕೊಂಡು ನಮ್ಮ ಕೇರಿಗೂ ಬಂದು ಗೋಡೆಗಳನ್ನೆಲ್ಲ ಬೆಳ್ಳಗೆ ಮಾಡಿ ಹೋದರಂತೆ. ಅವ್ವ ಅವರನ್ನು ಒಳಗೆ ಬಿಟ್ಟಳಂತೆ, ಆದರೆ ಬಲೆಯ ಮೇಲೆ ಒಂದು ಹನಿಯೂ ಬೀಳದಂತೆ ಅದನ್ನು ಹೊತ್ತುಕೊಂಡು ಹೊರಗೆ ಬಿಸಿಲಲ್ಲಿ ನಿಂತಿದ್ದಳಂತೆ. ನನ್ನನ್ನು ಹೊರಗೆ ತಂದಿದ್ದಳೇ ಎಂದು ಒಮ್ಮೆ ಕೇಳಿದೆ. ನೆನಪಿಲ್ಲ ಅಂದಳು.

ಅವ್ವನ ಆ ಬಲೆಯ ಹುಚ್ಚಿಗೆ ಕಾರಣವಿತ್ತು. ನಮ್ಮ ಕಟ್ಟಳೆಯಲ್ಲಿ ಹರಿದದ್ದನ್ನು ಹೆಂಗಸರು ಹೊಲಿಯಬಹುದು, ಆದರೆ ಪಟ್ಟೆ ಗಂಡಸಿನ ಕೈಯದು. ಗಂಡ ಸತ್ತರೆ, ಗಂಡುಮಕ್ಕಳಿಲ್ಲದಿದ್ದರೆ, ಅವನ ಕೈಯ ಗಂಟು ಬಲೆಯಲ್ಲಿ ಉಳಿದಿರುವವರೆಗೆ ಪಾಲು ಹೆಂಡತಿಗೆ. ಅವನ ಗಂಟು ತೀರಿದರೆ ಆ ಜಾಗಕ್ಕೆ ಅಣ್ಣತಮ್ಮಂದಿರ ಪಟ್ಟೆ ಬಂದು ಕೂರುತ್ತದೆ. ಹೊರಗಿನವರಿಗೆ ಇದು ದಯೆಯ ಕಟ್ಟಳೆಯಂತೆ ಕಾಣಬಹುದು. ಒಳಗಿದ್ದವರಿಗೆ ಗೊತ್ತು. ಬಲೆ ಹರಿಯುತ್ತದೆ, ಹೊಲಿಯಲೇಬೇಕು. ಹೊಲಿದಷ್ಟೂ ಹಳೆಯ ಗಂಟು ಹೋಗಿ ಹೊಸ ಗಂಟು ಬರುತ್ತದೆ. ಹೊಲಿಯದಿದ್ದರೆ ಮೀನು ಹೋಗುತ್ತದೆ, ಹೊಲಿದರೆ ಅಪ್ಪ ಹೋಗುತ್ತಾನೆ. ಪಾಲು ನಿಂತರೆ ನಾವು ಹೋಗಬೇಕಾದದ್ದು ರಾವಂದೂರಿನ ಆಚೆಯ ಅವ್ವನ ತವರಿಗೆ. ಅಲ್ಲಿ ಹೊಳೆಯಿಲ್ಲ. ನನ್ನ ಸೋದರಮಾವ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ, ಅತ್ತೆಯ ಬಾಯಿ ಚುಂಚನಕಟ್ಟೆಯ ಧುಮುಕುವ ನೀರಿಗಿಂತ ಜೋರು. ಅಲ್ಲಿಗೆ ಹೋಗಿ ಬೀಳುವುದೊಂದನ್ನು ತಪ್ಪಿಸುವುದೇ ಅವ್ವನ ಬದುಕಾಗಿತ್ತು.

ಹಾಗಾಗಿ ನನ್ನ ಬಾಲ್ಯದ ಅವ್ವ ಎಂದರೆ ಬಾಗಿದ ಒಂದು ಬೆನ್ನು. ಬೆಳಕು ಬರುವ ಬಾಗಿಲ ಹೊಸ್ತಿಲ ಪಕ್ಕ ಕುಳಿತು, ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು, ಬಿದಿರಿನ ಸೂಜಿಯಲ್ಲಿ ಹೊಲಿಯುತ್ತಲೇ ಇರುತ್ತಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಅಪ್ಪನ ಹೆಸರಿನಲ್ಲಿ ಹಚ್ಚಿಡುವ ದೀಪ, ಉಳಿದದ್ದೆಲ್ಲ ಬಲೆ. ತಂಗಡಿ ತೊಗಟೆಯ ಕಷಾಯದಲ್ಲಿ ಅದ್ದಿದ ನೂಲಿನ ಒಗರು ವಾಸನೆ ಅನ್ನಕ್ಕೂ ಹತ್ತಿರುತ್ತಿತ್ತು. ನಾನು ಏನಾದರೂ ಹೇಳಿದರೆ ಅವ್ವ ಹೂಂ ಅನ್ನುತ್ತಿದ್ದಳು. ಮೊದಲನೆಯ ಹೂಂಗೂ ಕೊನೆಯ ಹೂಂಗೂ ವ್ಯತ್ಯಾಸವಿರಲಿಲ್ಲ. ಕೇರಿಯ ನನ್ನ ವಾರಗೆಯ ಹೆಣ್ಣುಮಕ್ಕಳಿಗೆ ಸೊಂಟದ ಮೇಲೊಂದು ತಮ್ಮನೋ ತಂಗಿಯೋ ಇರುತ್ತಿತ್ತು. ಕೂಸು ಎತ್ತಿಕೊಂಡವರು ಕೂಸು ಎತ್ತಿಕೊಂಡವರ ಜೊತೆ ಆಡುತ್ತಿದ್ದರು. ನನ್ನ ಸೊಂಟ ಖಾಲಿ. ಎಡತೊರೆಯಿಂದ ಸೈಕಲ್ ಮೇಲೆ ನೂಲು ತರುತ್ತಿದ್ದ ಸಾಬರು ಬಂದ ದಿನವೇ ನಮ್ಮ ಮನೆಯಲ್ಲಿ ಮಾತು ಕೇಳುತ್ತಿದ್ದದ್ದು. ಕೆ.ಆರ್. ನಗರ ಎಂದು ಬೋರ್ಡು ಬಂದಿದ್ದರೂ ನಮಗೆ ಅದು ಎಡತೊರೆಯೇ. ನೂಲಿಗೆ ಬದಲು ಒಣಮೀನು ಕಟ್ಟಿಕೊಳ್ಳುತ್ತ ಅವರು ಅವ್ವನನ್ನು ರೇಗಿಸುತ್ತಿದ್ದರು.

“ಏನಕ್ಕಾ, ಈ ಬಲೆಗೆ ನೂಲು ಹಾಕ್ತೀಯೋ, ಅನ್ನ ಹಾಕ್ತೀಯೋ? ಎಷ್ಟ್ ತಂದ್ರೂ ಇದರ ಹೊಟ್ಟೆ ತುಂಬಲ್ಲ. ಮಗೂಗೂ ಒಂದ್ ತುತ್ತು ಹಾಕಮ್ಮಾ!”

ಅವ್ವ ನಗುತ್ತಿರಲಿಲ್ಲ. ನಾನು ನಗುತ್ತಿದ್ದೆ, ಅವರು ನನ್ನನ್ನು ನೋಡಿದರಲ್ಲ ಎಂಬ ಸಂತೋಷಕ್ಕೆ.

ಅವ್ವ ನನಗೆ ಹತ್ತಿರವಾಗುತ್ತಿದ್ದದ್ದು ಊಟದ ಹೊತ್ತಿನಲ್ಲಿ. ಮನೆಯಲ್ಲಿ ಇದ್ದದ್ದು ಎರಡು ತಟ್ಟೆ. ಒಂದು ಅಪ್ಪನ ಕಂಚಿನ ತಟ್ಟೆ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದರಲ್ಲಿ ನಾವಿಬ್ಬರೂ ಎದುರುಬದುರು ಕುಳಿತು, ಒಂದೇ ಮುದ್ದೆಯನ್ನು ಎರಡು ಕಡೆಯಿಂದ ಮುರಿದು ಉಣ್ಣುತ್ತಿದ್ದೆವು. ಪಾಲು ಬಂದ ದಿನ ಮೀನಿನ ಸಾರು. ಮೀನಿನ ತಲೆ ಮಾತ್ರ ನಮಗಲ್ಲ. ತಲೆ ಮನೆಯ ಗಂಡಸಿಗೆ. ಅವ್ವ ಅದನ್ನು ಕಂಚಿನ ತಟ್ಟೆಯಲ್ಲಿಟ್ಟು ಅಪ್ಪನ ದೀಪದ ಮುಂದೆ ಎಡೆ ಇಡುತ್ತಿದ್ದಳು. ಬೆಳಿಗ್ಗೆ ಅದು ಕಾಗೆಗೆ. ನಾನು ಉಣ್ಣುತ್ತ ಆ ತಲೆಯನ್ನೇ ನೋಡುತ್ತಿದ್ದೆ. ಹಾಗೆ ಮೈಮರೆತಾಗಲೆಲ್ಲ ನನ್ನ ಎಡಗೈ ತಟ್ಟೆಗೆ ಬಂದುಬಿಡುತ್ತಿತ್ತು. ಬಂದ ತಕ್ಷಣ ಮುಂಗೈ ಮೇಲೆ ಚಟ್ ಎಂದು ಏಟು.

“ಎಡಗೈ ಇಕ್ಬ್ಯಾಡ ಅಂತ ಎಷ್ಟ್ ಸಲ ಯೋಳ್ಲಿ ನಿಂಗೆ? ಅದು ತೊಳ್ಕಳೋ ಕೈ ಕಣಮ್ಮಿ!”

ಏಟು ನೋಯುತ್ತಿತ್ತು. ಆದರೆ ಒಂದು ಮಾತನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ: ದಿನವಿಡೀ ಬಲೆಯಲ್ಲೇ ಇರುತ್ತಿದ್ದ ಆ ಕೈ ನನ್ನ ಮೈಗೆ ತಾಗುತ್ತಿದ್ದದ್ದು ಆಗ ಮಾತ್ರ.

ಅಪ್ಪನದು ಅಂತ ನನಗೆ ಉಳಿದಿದ್ದದ್ದು ತೊಲೆಗೆ ನೇತುಹಾಕಿದ್ದ ಒಂದು ಜೋಲಿ. ಅವ್ವ ಬಸುರಿಯಾಗಿದ್ದಾಗ ಪಟ್ಟೆಗೆ ತಂದು ಉಳಿದ ನೂಲಿನಲ್ಲೇ ಅವನು ಅದನ್ನು ಹೆಣೆದಿದ್ದ. ನನ್ನ ಕಾಲು ಹೊರಗೆ ಚಾಚುವಷ್ಟು ದೊಡ್ಡವಳಾಗಿದ್ದರೂ ನಾನು ಅದರಲ್ಲೇ ಮಲಗುತ್ತಿದ್ದೆ. ಎದ್ದಾಗ ಕೆನ್ನೆಯ ಮೇಲೆ ಬಲೆಯ ಕಣ್ಣುಗಳ ಗುರುತು ಮೂಡಿರುತ್ತಿತ್ತು. ಮಧ್ಯಾಹ್ನದ ಹೊತ್ತು ಅದರಲ್ಲಿ ಮಲಗಿ ಒಂದೊಂದೇ ಗಂಟನ್ನು ಬೆರಳಲ್ಲಿ ಸವರುವುದು ನನ್ನ ಆಟ. ಅವ್ವನ ಗಂಟಿನಲ್ಲಿ ನೂಲು ಬಲಕ್ಕೆ ಸುತ್ತಿ ಕೂರುತ್ತಿತ್ತು, ಕೇರಿಯವರೆಲ್ಲರದ್ದೂ ಹಾಗೇ. ಅಪ್ಪನದು ಎಡಕ್ಕೆ. ಕತ್ತಲಲ್ಲೂ ತಿಳಿಯುತ್ತಿತ್ತು.

ಹೊಳೆ ಇಳಿದು, ಗಂಗಮ್ಮನ ಪೂಜೆ ಮಾಡಿ ಮೊದಲ ಸಲ ಬಲೆ ಇಳಿಸುವ ದಿನ ಕೇರಿಯ ಯಜಮಾನ ಕಾಳಯ್ಯ ಎಲ್ಲ ಪಟ್ಟೆಗಳನ್ನೂ ನೋಡಿ ಒಪ್ಪಬೇಕು. ಒಂದು ವರ್ಷ ಆ ದಿನಕ್ಕೆ ಸ್ವಲ್ಪ ಮುಂಚೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ ನಿಂಗಯ್ಯ, ಬಾಗಿಲಲ್ಲಿ ಬಂದು ಕುಳಿತ. ಕೆಟ್ಟವನಲ್ಲ. ಅವನ ಇಬ್ಬರು ಗಂಡುಮಕ್ಕಳೇ ನಮ್ಮ ಪಟ್ಟೆಯ ಹಿಂದೆ ನಿಂತು ಎಳೆಯುತ್ತಿದ್ದವರು. ನಾನು ಅವರ ಹಿಂದೆ ಮರಳಲ್ಲಿ ನಿಂತಿರುತ್ತಿದ್ದೆ, ಹಗ್ಗ ಮುಟ್ಟಬಾರದು ಎಂದು ಹೇಳಿಸಿಕೊಂಡು.

“ಕೆಂಪವ್ವ, ನಾನೇನ್ ನಿಂಗೆ ಹಗೆಯಾ? ಐಕ್ಳಿಬ್ರೂ ಬೆಳ್ದು ನಿಂತವ್ರೆ. ಬಲೇಲಿ ಅವ್ರಿಗೂ ಒಂದ್ ಜಾಗ ಬ್ಯಾಡ್ವಾ? ಸಿದ್ದನ್ ಗಂಟು ಇನ್ನೆಲ್ಲದೆ, ತೋರ್ಸು ನೋಡಾನ.”

“ಅದೆ ಭಾವ. ಗಂಗಮ್ಮನ್ ದಿನ ಯಜಮಾನ್ರೇ ನೋಡ್ಲಿ ಬುಡಿ.”

ಅವನು ಹೋದ ಮೇಲೆ ಅವ್ವ ಬಹಳ ಹೊತ್ತು ಬಲೆಯಲ್ಲಿ ಅಪ್ಪನ ಗಂಟು ಹುಡುಕಿದಳು. ಆಮೇಲೆ ಎದ್ದು ಕುಡುಗೋಲು ತೆಗೆದುಕೊಂಡು ನನ್ನ ಜೋಲಿಯ ಹಗ್ಗ ಕೊಯ್ದಳು. ನಾನು ಅದನ್ನು ತಬ್ಬಿಕೊಂಡು ಕೂಗಾಡಿದೆ. ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸಂಜೆಯ ಹೊತ್ತಿಗೆ ನನ್ನ ಹಾಸಿಗೆ ಪಟ್ಟೆಯ ಹೊಟ್ಟೆಯಲ್ಲಿ ಸೇರಿಹೋಗಿತ್ತು. ಉಳಿದದ್ದು ಹಗ್ಗದ ಬುಡದ ಅಂಗೈಯಗಲದ ಚೂರು. ಅದನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಜಮಾನ ಕಾಳಯ್ಯನಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು. ಅವನು ಬಲೆಯನ್ನು ನೋಡುತ್ತಿದ್ದದ್ದು ಹೆಬ್ಬೆರಳಿನಲ್ಲಿ. ಸವರುತ್ತ ಬಂದವನು ಹೊಟ್ಟೆಯ ಹತ್ತಿರ ನಿಂತು ತಲೆಯಾಡಿಸಿದ. ಆ ವರ್ಷ ನಮ್ಮ ಪಾಲು ಉಳಿಯಿತು. ನಾನು ನೆಲದ ಮೇಲೆ ಮಲಗುವುದನ್ನು ಕಲಿತೆ.

ಆದರೆ ಮಳೆಗಾಲಕ್ಕೆ ಮುಂಚಿನ ಕೊನೆಯ ಎಳೆತದಲ್ಲಿ ಮಡುವಿನ ತಳದಲ್ಲಿದ್ದ ಮರದ ಬೊಡ್ಡೆಯೊಂದು ಬಲೆಗೆ ಸಿಕ್ಕಿತು. ಜನ ಮೀನಿನ ಭಾರವೆಂದು ಉತ್ಸಾಹದಿಂದ ಎಳೆದರು. ಬಲೆ ಹಗುರಾಯಿತು. ದಂಡೆಗೆ ಬಂದಾಗ ನಮ್ಮ ಪಟ್ಟೆಯ ನಡುವೆ ಆಳುದ್ದದ ತೂತು, ಜೋಲಿಯ ತುಂಡು ಅಪ್ಪನ ಗಂಟುಗಳ ಸಮೇತ ಹೊಳೆಯಲ್ಲೇ ಹೋಗಿತ್ತು. ಅವ್ವ ಬೈಯಲಿಲ್ಲ, ಅಳಲಿಲ್ಲ. ತೂತಿನ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಮೂಲೆಯಲ್ಲಿ ಕೆಡವಿದಳು. ನನಗೆ ಬುದ್ಧಿ ಬಂದಾಗಿನಿಂದ ಮೊದಲ ಸಲ ಅವಳು ಸೂಜಿ ಕೈಗೆತ್ತಿಕೊಳ್ಳದೆ ಕುಳಿತದ್ದನ್ನು ನೋಡಿದೆ. ಈಗಲಾದರೂ ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡೆ. ಅವಳು ಗೋಡೆಯ ಕಡೆ ತಿರುಗಿದಳು.

ಮಳೆ ಹಿಡಿದ ಮೇಲೆ ಅವ್ವ ಚುಂಚನಕಟ್ಟೆಯ ಕಡೆ ಗದ್ದೆ ನಾಟಿಗೆ ಕೂಲಿ ಹೋಗತೊಡಗಿದಳು. ಬೆಳಗ್ಗೆ ಮಸುಕಿನಲ್ಲಿ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ನಾನು, ಹೊರಗೆ ಕೆಂಪಗೆ ಉಕ್ಕುವ ಹೊಳೆ, ಮೂಲೆಯಲ್ಲಿ ಆ ತೂತು. ಒಂಟಿತನ ಎನ್ನುವ ಮಾತು ಆಗ ನನಗೆ ಗೊತ್ತಿರಲಿಲ್ಲ, ಹೊಟ್ಟೆನೋವು ಎಂದು ತಿಳಿದಿದ್ದೆ. ಸೊಂಟದಲ್ಲಿದ್ದ ಜೋಲಿಯ ಚೂರನ್ನು ತೆಗೆದು ಅದರ ಗಂಟುಗಳನ್ನು ಬಿಚ್ಚಿದೆ. ಬಿಚ್ಚಿದ ನೂಲನ್ನು ಅದು ಇದ್ದ ಹಾಗೇ ಮತ್ತೆ ಕಟ್ಟಲು ನೋಡಿದೆ. ಬಲಗೈಲಿ ಬರಲಿಲ್ಲ. ಎಡಗೈಗೆ ಕೊಟ್ಟಾಗ ಅದು ಹಿಂದೆ ಎಂದೋ ಕಲಿತಿದ್ದಂತೆ ಕಟ್ಟಿತು. ಬಿಚ್ಚಿದೆ, ಕಟ್ಟಿದೆ. ನೂಲು ಸವೆದು ಪುಡಿಯಾಗುವವರೆಗೂ ಕಟ್ಟಿದೆ. ಆಮೇಲೆ ಸಾಬರ ಹೊಸ ನೂಲಿನುಂಡೆ ತೆಗೆದುಕೊಂಡು ಹೋಗಿ ತೂತಿನ ಅಂಚಿನಲ್ಲಿ ಕುಳಿತೆ. ಅವ್ವನಿಗೆ ಸಹಾಯ ಮಾಡಬೇಕು ಎಂದಲ್ಲ. ಆ ಗಂಟು ಕಟ್ಟುವಾಗ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಅನ್ನಿಸುತ್ತಿತ್ತು, ಅದಕ್ಕೆ.

ನಾಟಿ ಬೇಗ ಮುಗಿದ ಒಂದು ಮಧ್ಯಾಹ್ನ ಅವ್ವ ಒದ್ದೆ ಗೋಣಿಯ ಗೊಪ್ಪೆ ಹೊದ್ದು ಬಾಗಿಲಲ್ಲಿ ನಿಂತಿದ್ದದ್ದು ನನಗೆ ಗೊತ್ತಾಗಲಿಲ್ಲ. ತಲೆ ಎತ್ತಿದಾಗ ನನ್ನ ಎಡಗೈಯಲ್ಲಿ ಸೂಜಿ ಇತ್ತು. ಕೈ ಹಿಂದಕ್ಕೆ ಎಳೆದುಕೊಂಡೆ. ಅವ್ವ ಬಂದು ಆ ಕೈಯನ್ನು ಹಿಡಿದಳು. ಏಟಿಗೆ ಕಣ್ಣು ಮುಚ್ಚಿದೆ. ಅವಳು ಇನ್ನೊಂದು ಕೈಯಲ್ಲಿ ನಾನು ಕಟ್ಟಿದ ಗಂಟುಗಳನ್ನು ಸವರುತ್ತಿದ್ದಳು, ನಾನು ಜೋಲಿಯಲ್ಲಿ ಸವರುತ್ತಿದ್ದ ಹಾಗೆ. ಅವಳ ಬಾಯಿಂದ ಬಂದದ್ದು ಅಪ್ಪನ ಹೆಸರು. ಹೆಂಡತಿ ಗಂಡನ ಹೆಸರು ಹೇಳದ ಕಾಲ ಅದು. ಆಮೇಲೆ ಬಿದ್ದಿದ್ದ ಸೂಜಿಯನ್ನು ಎತ್ತಿ ನನ್ನ ಎಡಗೈಗೇ ಕೊಟ್ಟು ಅಂದಳು:

“ಕಟ್ಟು ಮಗ. ನಿಲ್ಲುಸ್ಬ್ಯಾಡ.”

ಮಗ ಎಂದು ನಮ್ಮ ಕಡೆ ಹೆಣ್ಣನ್ನೂ ಕರೆಯುತ್ತಾರೆ. ಆದರೆ ಅವ್ವ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಮಳೆಗಾಲವಿಡೀ ನಾನು ಕಟ್ಟಿದೆ. ಅವ್ವ ಕೂಲಿಯಿಂದ ಬಂದವಳು ನೇರ ಬಲೆಯ ಹತ್ತಿರ ಹೋಗಿ ಎಷ್ಟಾಯಿತು ಎಂದು ನೋಡುತ್ತಿದ್ದಳು. ಹಸಿವಾಯಿತೇ ಎಂದು ಕೇಳುವುದನ್ನು ಮರೆಯುತ್ತಿದ್ದಳು.

ಗಂಗಮ್ಮನ ದಿನ ಬಂತು. ಮರಳಿನ ಮೇಲೆ ಪಟ್ಟೆಗಳು ಹಾಸಿದ್ದವು. ಕಾಳಯ್ಯ ಹೆಬ್ಬೆರಳಾಡಿಸುತ್ತ ನಮ್ಮ ಪಟ್ಟೆಗೆ ಬಂದು, ಹೊಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

“ಸಿದ್ದನ್ ಗಂಟು ಬೇಕಾದಷ್ಟ್ ಅದಲ್ಲಯ್ಯ. ಯಾರ್ಲಾ ಇಲ್ಲ ಅಂದೋರು?”

ದೊಡ್ಡಪ್ಪ ತಡೆಯಲಾರದೆ ಮುಂದೆ ಬಂದ.

“ಯಜಮಾನ್ರೇ, ನಿಮಗ್ ಕಣ್ ಕಾಣಾಕಿಲ್ಲ. ನೂಲು ಹೊಸದು ಕಣ್ರೀ, ಕಷಾಯದ್ ಬಣ್ಣಾನೇ ಸರ್ಯಾಗ್ ಹತ್ತಿಲ್ಲ. ಸತ್ತೋನು ಎದ್ ಬಂದು ಕಟ್ಬುಟ್ ಓದ್ನಾ?”

ಬೆನ್ನ ಮೇಲೆ ಅವ್ವನ ಕೈ ಬಿತ್ತು. ಅವಳು ನನ್ನನ್ನು ಮುಂದಕ್ಕೆ ನೂಕಿದಳು. ಕಾಳಯ್ಯ ನನ್ನನ್ನು ಎದುರಿಗೆ ಕೂರಿಸಿಕೊಂಡು ಸೂಜಿ ಕೊಟ್ಟು, ತನ್ನ ಒರಟು ಬೆರಳುಗಳನ್ನು ನನ್ನ ಎಡಗೈಯ ಮೇಲೆ ಹಗುರಾಗಿ ಇಟ್ಟುಕೊಂಡು ಕಟ್ಟು ಅಂದ. ಕಟ್ಟಿದೆ. ಇನ್ನೊಂದು ಅಂದ. ಅದನ್ನೂ ಕಟ್ಟಿದೆ. ಅವನ ಬೆರಳು ನನ್ನ ಕೈ ಬಿಡಲಿಲ್ಲ. ಪೊರೆ ಬಂದ ಕಣ್ಣಲ್ಲಿ ನೀರಿತ್ತು. ಅವನೂ ಅಪ್ಪನೂ ಒಂದೇ ತೆಪ್ಪದಲ್ಲಿ ಹೋಗುತ್ತಿದ್ದವರು.

“ಕಟ್ಳೆ ಏನ್ ಯೋಳ್ತದೆ ನಿಂಗಯ್ಯ? ಸಿದ್ದನ್ ಕೈ ಗಂಟು ಇರೋವರ್ಗೂ ಪಾಲು ಅಂತ. ಹಳೇ ನೂಲು ಅಂತ ಯೋಳಿಲ್ಲ. ಇದು ಯಾರ್ ಕೈ? ನೀನೇ ಮುಟ್ ನೋಡು.”

“ಹೆಣ್ ಕೂಸು ಕಣ್ರೀ ಇದು. ಕೊಟ್ಟೆಣ್ಣು ಕುಲಕ್ಕೊರಗು. ನಾಳೆ ಮದ್ವೆಯಾಗಿ ಓಯ್ತದೆ.”

“ಓಗೋವರ್ಗೂ ಇರ್ಲಿ ಬುಡು. ಓದ್ಮೇಲೆ ಜಾಗ ನಿನ್ ಐಕ್ಳದು.”

ಎಲ್ಲರಿಗೂ ಒಪ್ಪಿಗೆಯಾಯಿತು. ಅವ್ವ ನೆಲಕ್ಕೆ ಹಣೆ ಹಚ್ಚಿ ಗಂಗಮ್ಮನಿಗೆ ನಮಸ್ಕಾರ ಮಾಡಿದಳು. ನಾನು ಗೆದ್ದೆನೆಂದು ಹಿಗ್ಗಿದ್ದೆ. ಯಜಮಾನನ ಆ ಕೊನೆಯ ಮಾತು ನನ್ನ ಮದುವೆಯನ್ನು ಎಷ್ಟು ವರ್ಷ ಮುಂದೆ ದೂಡಲಿದೆ ಎಂದು ನನಗೆ ಗೊತ್ತಾಗಲಿಲ್ಲ. ಅವ್ವನಿಗೆ ಆ ಕ್ಷಣವೇ ಗೊತ್ತಾಗಿರಬೇಕು.

ಅವತ್ತಿನ ಪಾಲಿನಲ್ಲಿ ಒಂದು ದೊಡ್ಡ ಗೆಂಡೆ ಮೀನು ಬಂತು. ಅವ್ವ ಹುಣಸೆಹಣ್ಣು ಕಿವುಚಿ ಸಾರು ಮಾಡಿದಳು, ಮುದ್ದೆ ತಿರುವಿದಳು. ನಾನು ದಿನದಂತೆ ನಮ್ಮ ತಟ್ಟೆಯ ಒಂದು ಕಡೆ ಕುಳಿತು ಅವಳಿಗೆ ಜಾಗ ಬಿಟ್ಟೆ. ಅವ್ವ ಆ ತಟ್ಟೆಯನ್ನು ತೆಗೆದಿಟ್ಟು, ಅಪ್ಪನ ಕಂಚಿನ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಅದರಲ್ಲಿ ಇಡೀ ಮುದ್ದೆ, ಪಕ್ಕದಲ್ಲಿ ಮೀನಿನ ತಲೆ. ದೀಪದ ಮುಂದೆ ಏನೂ ಇರಲಿಲ್ಲ.

“ಅವ್ವ, ಅಪ್ಪಂಗೆ?”

“ನೀನ್ ಉಣ್ಣು.”

“ನೀನು ಬಾ.”

“ಆಮೇಲ್ ಉಣ್ತೀನಿ.”

ಎಷ್ಟೋ ದಿನ ಆಸೆಪಟ್ಟು ನೋಡಿದ ತಲೆ ಅದು. ನಾನು ಅದನ್ನು ಮುಟ್ಟಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೇಕೆಂದೇ, ಎಡಗೈಯನ್ನು ತಟ್ಟೆಗೆ ಹಾಕಿದೆ. ಮುದ್ದೆ ಮುರಿದು ಹಾಗೇ ಕೈಯನ್ನು ಅಲ್ಲೇ ಬಿಟ್ಟು ಕಾದೆ. ಹೊಡೆಯಲಿ ಎಂದು ಕಾದೆ. ಅವ್ವ ನೋಡಿದಳು. ಎದ್ದು ಬಂದು, ಉಪ್ಪಿನ ಮರಿಗೆಯನ್ನು ನನ್ನ ಬಲಗಡೆಯಿಂದ ತೆಗೆದು ಎಡಗಡೆಗೆ ಇಟ್ಟಳು. ಆಮೇಲೆ ಹಿಂದಕ್ಕೆ ಸರಿದು ಒಲೆಯ ಪಕ್ಕ ಕುಳಿತು, ಗಂಡಸರು ಉಂಡೇಳುವವರೆಗೆ ಕಾಯುವ ಹೆಂಗಸರಂತೆ, ನಾನು ಉಂಡು ಮುಗಿಸಲಿ ಎಂದು ಕಾಯತೊಡಗಿದಳು.